ರೋಜರ್ಸ್, ಎವರೆಟ್ ಎಂ. (1931–2004)

ಅಮೆರಿಕದ ಗ್ರಾಮೀಣ ಸಮಾಜಶಾಸ್ತ್ರಜ್ಞ, ಸಂವಹನ ವಿದ್ವಾಂಸ. ಹೊಸ ಬೀಜ, ಹೊಸ ಔಷಧಿ, ಹೊಸ ಬೇಸಾಯ ಪದ್ಧತಿ ಒಂದು ಊರಿಗೆ ಹೇಗೆ ಕಾಲಿಡುತ್ತದೆ, ಯಾರ ಮಾತಿನಿಂದ ಯಾರ ಹೊಲಕ್ಕೆ ದಾಟುತ್ತದೆ, ಕೆಲವರು ಅದನ್ನು ಮೊದಲ ವರ್ಷವೇ ಹಿಡಿದರೆ ಇನ್ನು ಕೆಲವರು ಹತ್ತು ವರ್ಷ ಯಾಕೆ ಕಾಯುತ್ತಾರೆ ಎಂಬುದನ್ನು ಶಾಸ್ತ್ರದ ಚೌಕಟ್ಟಿಗೆ ತಂದವರಲ್ಲಿ ಮೊದಲ ಸಾಲಿನವರು. ಅವರ 'ಡಿಫ್ಯೂಷನ್ ಆಫ್ ಇನ್ನೊವೇಷನ್ಸ್' 1962ರಲ್ಲಿ ಹೊರಬಂತು. ಭಾರತದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ವಿಸ್ತರಣಾ ಶಿಕ್ಷಣ ಓದಿದವರು ಆ ಪುಸ್ತಕವನ್ನು ಓದಿರದಿದ್ದರೂ ಅದರ ಗಂಟೆಯಾಕಾರದ ರೇಖೆಯನ್ನು ಪರೀಕ್ಷೆಯಲ್ಲಿ ಒಮ್ಮೆಯಾದರೂ ಬರೆದಿರುತ್ತಾರೆ. ರೋಜರ್ಸರ ವೃತ್ತಿಜೀವನದ ಮೊದಲರ್ಧ ಆ ರೇಖೆಯನ್ನು ಕಟ್ಟುವುದರಲ್ಲಿ ಕಳೆಯಿತು. ಉಳಿದರ್ಧದ ಬಹುಪಾಲು, ಅದರ ಅಡಿಪಾಯದಲ್ಲಿ ಏನು ಹುಳುಕಿದೆ ಎಂದು ಕೆದಕುವುದರಲ್ಲಿ. ಪಠ್ಯಕ್ರಮಗಳು ಮೊದಲರ್ಧವನ್ನು ಮಾತ್ರ ಉಳಿಸಿಕೊಂಡಿವೆ.

ಹುಟ್ಟಿದ್ದು 1931ರ ಮಾರ್ಚ್ 6ರಂದು, ಅಯೋವಾ ರಾಜ್ಯದ ಕ್ಯಾರೊಲ್‌ನಲ್ಲಿ, ಬೇಸಾಯಗಾರರ ಮನೆಯಲ್ಲಿ. ತಂದೆಗೆ ಯಂತ್ರಗಳೆಂದರೆ ಪ್ರೀತಿ. ಹೊಸ ಕೃಷಿ ಯಂತ್ರವನ್ನು ತರುವುದರಲ್ಲಿ ಅವರು ಮುಂದು. ಬೀಜ, ರಾಸಾಯನಿಕ ಎಂದರೆ ಮಾತ್ರ ಹಿಂದೆ ಸರಿಯುತ್ತಿದ್ದರು. ನೆರೆಯವರೆಲ್ಲ ಹೈಬ್ರಿಡ್ ಮೆಕ್ಕೆಜೋಳಕ್ಕೆ ತಿರುಗಿದ ಮೇಲೂ ಅವರು ಹಳೆಯ ಬೀಜವನ್ನೇ ಬಿತ್ತುತ್ತಿದ್ದರು. ಹೈಬ್ರಿಡ್ ಸುಮಾರು ಕಾಲು ಭಾಗ ಹೆಚ್ಚು ಇಳುವರಿ ಕೊಡುತ್ತಿತ್ತು, ಬರವನ್ನೂ ತಾಳುತ್ತಿತ್ತು. 1936ರಲ್ಲಿ ಅಯೋವಾದಲ್ಲಿ ಮಳೆ ಕೈಕೊಟ್ಟಾಗ ಪಕ್ಕದ ಹೊಲದ ಹೈಬ್ರಿಡ್ ಪೈರು ನೆಟ್ಟಗೆ ನಿಂತಿತ್ತು, ರೋಜರ್ಸರ ಮನೆಯ ಪೈರು ಬಾಡಿ ಹೋಯಿತು. ಆಗ ತಂದೆ ಮಣಿದರು. ಐದು ವರ್ಷದ ಹುಡುಗ ಇದನ್ನು ಎಷ್ಟು ಗ್ರಹಿಸಿದ್ದನೋ ಹೇಳಲಾಗದು. ದೊಡ್ಡವನಾದ ಮೇಲೆ ಅವನು ಇಡೀ ಜೀವನ ಕೇಳಿದ ಪ್ರಶ್ನೆ ಮಾತ್ರ ಇದೇ: ಕಣ್ಣೆದುರಿಗೆ ಲಾಭ ಕಾಣುತ್ತಿದ್ದರೂ ರೈತ ಯಾಕೆ ತಡೆಯುತ್ತಾನೆ?

ಕಾಲೇಜಿಗೆ ಹೋಗುವ ಯೋಚನೆಯೇ ಅವರಿಗಿರಲಿಲ್ಲ. ಹೈಸ್ಕೂಲಿನ ಶಿಕ್ಷಕರೊಬ್ಬರು ಕೆಲವು ಹುಡುಗರನ್ನು ಕಾರಿನಲ್ಲಿ ಕೂರಿಸಿಕೊಂಡು ಏಮ್ಸ್ ನಗರದ ಅಯೋವಾ ಸ್ಟೇಟ್ ಸಂಸ್ಥೆಯನ್ನು ತೋರಿಸಿ ಬಂದದ್ದೇ ನೆಪವಾಯಿತು. 1952ರಲ್ಲಿ ಕೃಷಿ ಪದವಿ ಮುಗಿಸಿದರು. ಕೊರಿಯ ಯುದ್ಧದ ದಿನಗಳಲ್ಲಿ ಎರಡು ವರ್ಷ ವಾಯುಪಡೆಯಲ್ಲಿದ್ದು ಮತ್ತೆ ಏಮ್ಸ್‌ಗೇ ಮರಳಿದರು. ಅಲ್ಲೇ 1957ರಲ್ಲಿ ಡಾಕ್ಟರೇಟ್ ಪಡೆದರು.

ಏಮ್ಸ್ ಆಗ ಇಂಥ ಅಧ್ಯಯನಕ್ಕೆ ಹದವಾದ ನೆಲ. 1862ರ ಮಾರಿಲ್ ಕಾಯಿದೆಯಿಂದ ಹುಟ್ಟಿದ ಭೂದತ್ತಿ ವಿಶ್ವವಿದ್ಯಾಲಯಗಳಿಗೆ 1914ರ ಸ್ಮಿತ್-ಲೀವರ್ ಕಾಯಿದೆ ವಿಸ್ತರಣೆಯ ಕೆಲಸವನ್ನೂ ಸೇರಿಸಿತ್ತು. ಪ್ರಯೋಗಶಾಲೆಯಲ್ಲಿ ಕಂಡುಕೊಂಡದ್ದನ್ನು ಕೌಂಟಿ ಏಜೆಂಟರು ರೈತನ ಬಾಗಿಲಿಗೆ ಒಯ್ಯಬೇಕು ಎಂಬುದು ಆ ವ್ಯವಸ್ಥೆಯ ಎಣಿಕೆ. ಅದೇ ಮಾದರಿ ಮುಂದೆ ನಮ್ಮಲ್ಲಿಗೂ ಬಂತು: 1960ರಲ್ಲಿ ಪಂತನಗರ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಬೆಂಗಳೂರಿಗೆ ಆರಂಭದ ವರ್ಷಗಳಲ್ಲಿ ಒತ್ತಾಸೆಯಾಗಿ ನಿಂತದ್ದು ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯ. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕವಲು ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಹಾಗೆಯೇ ಇರುವುದಕ್ಕೆ ಕಾರಣ ಆ ವಂಶಾವಳಿ.

ಹೈಬ್ರಿಡ್ ಮೆಕ್ಕೆಜೋಳದ ಕಥೆಯನ್ನು ಏಮ್ಸ್‌ನ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಆಗಲೇ ಲೆಕ್ಕ ಹಾಕಿ ಮುಗಿಸಿದ್ದರು. 1943ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಎರಡು ಅಯೋವಾ ಊರುಗಳ 259 ರೈತರಿದ್ದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲ 1928ರಿಂದ 1941ರ ಒಳಗೆ ಹೈಬ್ರಿಡ್‌ಗೆ ಬದಲಾಗಿದ್ದರು. 1933ರ ಹೊತ್ತಿಗೆ ನೂರಕ್ಕೆ ಹತ್ತು ಮಂದಿ ಮಾತ್ರ. ಮುಂದಿನ ಮೂರೇ ವರ್ಷದಲ್ಲಿ ನಲವತ್ತು. ಬೀಜದ ಸುದ್ದಿಯನ್ನು ಮೊದಲು ತಂದವರು ಬಹುತೇಕ ಬೀಜ ಕಂಪನಿಯ ಮಾರಾಟಗಾರರು. ಒಪ್ಪಿಸಿದವರು ಮಾತ್ರ ಅಕ್ಕಪಕ್ಕದ ರೈತರು. ಮನೆಯಲ್ಲೇ ತೆನೆ ಆರಿಸಿ ಬೀಜ ಕಟ್ಟಿಡುತ್ತಿದ್ದವನು ಇನ್ನು ಮುಂದೆ ವರ್ಷವರ್ಷವೂ ದುಡ್ಡು ಕೊಟ್ಟು ಬೀಜ ತರಬೇಕು. ಅಷ್ಟು ದೊಡ್ಡ ತಿರುವಿಗೆ ಅಪರಿಚಿತನ ಕರಪತ್ರ ಸಾಲದೆ ನೆರೆಯವನ ಕಣಜವೇ ಸಾಕ್ಷಿ ಹೇಳಬೇಕಾಯಿತು. ರೋಜರ್ಸರ ಗುರು ಜಾರ್ಜ್ ಬೀಲ್ ಈ ತಿಳಿವಳಿಕೆಯನ್ನು ಸಹೋದ್ಯೋಗಿ ಜೋ ಬೋಲೆನ್ ಜೊತೆ ಊರೂರಿಗೆ ಒಯ್ದರು. ಬಟ್ಟೆಹಲಗೆಯ ಮೇಲೆ ಚಿತ್ರಗಳನ್ನು ಅಂಟಿಸುತ್ತ ವಿಸ್ತರಣಾ ಕಾರ್ಯಕರ್ತರಿಗೂ ಕಂಪನಿಗಳವರಿಗೂ ಅವರು ಕೊಡುತ್ತಿದ್ದ ಉಪನ್ಯಾಸ ನಾಟಕದಷ್ಟೇ ಜನಪ್ರಿಯವಾಗಿತ್ತು.

ರೋಜರ್ಸ್ ತಮ್ಮ ಡಾಕ್ಟರೇಟ್ ಪ್ರಬಂಧಕ್ಕೆ ಕಾಲಿನ್ಸ್ ಎಂಬ ಊರಿನ ರೈತರನ್ನು ಆರಿಸಿಕೊಂಡು 2,4-ಡಿ ಕಳೆನಾಶಕದಂಥ ಹೊಸ ಶಿಫಾರಸುಗಳು ಅವರಲ್ಲಿ ಹೇಗೆ ಹರಡಿದವು ಎಂದು ಮನೆಮನೆಗೆ ಹೋಗಿ ಕೇಳಿದರು. ವಿಶ್ವವಿದ್ಯಾಲಯ ಶಿಫಾರಸು ಮಾಡಿದ ಹತ್ತು ಹನ್ನೆರಡು ಪದ್ಧತಿಗಳಲ್ಲಿ ಎಷ್ಟನ್ನು, ಎಷ್ಟು ಬೇಗ ಹಿಡಿದನೋ ಅಷ್ಟು ಅಂಕ. ಅಲ್ಲೊಬ್ಬ ರೈತ ರಾಸಾಯನಿಕ ಯಾವುದನ್ನೂ ಮುಟ್ಟಿರಲಿಲ್ಲ. ಅವು ಹೊಲದ ಎರೆಹುಳುಗಳನ್ನೂ ಹಾಡುಹಕ್ಕಿಗಳನ್ನೂ ಕೊಲ್ಲುತ್ತವೆ ಎಂಬುದು ಅವನ ವಾದ. ಯುವ ಸಂಶೋಧಕನಿಗೆ ಅದು ಬುದ್ಧಿಗೇಡಿತನವಾಗಿ ಕಂಡಿತು; ಅಳತೆಪಟ್ಟಿಯಲ್ಲಿ ಆ ರೈತ ಕಟ್ಟಕಡೆಯ ಗುಂಪಿಗೆ ಬಿದ್ದ. ದಶಕಗಳ ನಂತರ ಸಾವಯವ ಕೃಷಿಗೆ ಮಾನ ಬಂದ ಕಾಲದಲ್ಲಿ ರೋಜರ್ಸ್ ತಮ್ಮ ಪುಸ್ತಕದ ಹೊಸ ಆವೃತ್ತಿಗಳಲ್ಲಿ ಈ ಪ್ರಸಂಗವನ್ನು ತಾವೇ ಎತ್ತಿ ಬರೆದರು. ಅಳತೆಗೋಲು ಯಾರ ಕೈಯಲ್ಲಿತ್ತು ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಈ ಶಾಸ್ತ್ರದಲ್ಲಿ ಮತ್ತೊಂದಿಲ್ಲ.

ಪ್ರಬಂಧದ ಒಂದು ಅಧ್ಯಾಯ ಹಿಂದಿನ ಸಂಶೋಧನೆಗಳ ಸಮೀಕ್ಷೆ. ಅದನ್ನು ಬರೆಯುವಾಗ ರೋಜರ್ಸರಿಗೆ ಒಂದು ಸಂಗತಿ ಹೊಳೆಯಿತು: ಶಾಲೆಗಳಲ್ಲಿ ಹೊಸ ಬೋಧನಾ ಕ್ರಮ, ವೈದ್ಯರಲ್ಲಿ ಹೊಸ ಔಷಧಿ, ಪೇಟೆಯಲ್ಲಿ ಹೊಸ ಸರಕು, ಹೊಲದಲ್ಲಿ ಹೊಸ ಬೀಜ, ಎಲ್ಲವೂ ಹರಡುವ ರೀತಿ ಹೆಚ್ಚುಕಡಿಮೆ ಒಂದೇ. ಆಯಾ ವಿಷಯದವರು ಪರಸ್ಪರರನ್ನು ಓದಿರಲಿಲ್ಲ, ಅಷ್ಟೆ. ಓಹಾಯೋ ಸ್ಟೇಟ್‌ನಲ್ಲಿ ಗ್ರಾಮೀಣ ಸಮಾಜಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಆ ಅಧ್ಯಾಯವೇ ಬೆಳೆದು 1962ರ ಪುಸ್ತಕವಾಯಿತು. ಆಗ ಅವರಿಗೆ ಮೂವತ್ತರ ಹೊಸ್ತಿಲು. ಮೊದಲ ಆವೃತ್ತಿಗೆ ಸಿಕ್ಕಿದ್ದ ಪ್ರಕಟಣೆಗಳು ನಾನೂರು ಚಿಲ್ಲರೆ. 2003ರ ಐದನೆಯ ಆವೃತ್ತಿಯ ಹೊತ್ತಿಗೆ ಅವು ಐದು ಸಾವಿರ ದಾಟಿದ್ದವು.

ಪುಸ್ತಕದ ತಿರುಳಿನಲ್ಲಿ ಹೆಚ್ಚು ಹರಡಿದ್ದು ಅಳವಡಿಸಿಕೊಳ್ಳುವವರ ವಿಂಗಡಣೆ. ಹೊಸತನ್ನು ಹಿಡಿದ ವರ್ಷವನ್ನು ರೇಖೆಯ ಮೇಲಿಟ್ಟರೆ ಗಂಟೆಯ ಆಕಾರ ಬರುತ್ತದೆ. ಸರಾಸರಿಯಿಂದ ಎಷ್ಟು ದೂರ ಎಂಬುದನ್ನು ನೋಡಿ ಅದನ್ನು ಐದು ತುಂಡು ಮಾಡಿದರು: ಸಾಹಸಿಗಳು ಶೇ. 2.5, ಮುಂದಾಳುಗಳು ಶೇ. 13.5, ಬೇಗ ಒಪ್ಪುವ ಬಹುಮಂದಿ ಶೇ. 34, ತಡವಾಗಿ ಒಪ್ಪುವ ಬಹುಮಂದಿ ಶೇ. 34, ಕೊನೆಯವರು ಶೇ. 16. ಮೊದಲ ಎರಡೂವರೆಯವರನ್ನು ಊರು ಸ್ವಲ್ಪ ವಿಚಿತ್ರ ಮನುಷ್ಯರೆಂದೇ ನೋಡುತ್ತದೆ, ಅವರ ಮಾತಿಗೆ ತೂಕ ಕಡಿಮೆ. ಊರಿನವರು ಸಲಹೆ ಕೇಳಿ ಹೋಗುವುದು ಎರಡನೆಯ ಗುಂಪಿನ ಮನೆಗೆ. ವಿಸ್ತರಣಾ ಅಧಿಕಾರಿ ಪ್ರಾತ್ಯಕ್ಷಿಕೆಗೆ ಹೊಲ ಹುಡುಕುವಾಗ ಈ ವ್ಯತ್ಯಾಸ ತಿಳಿದಿರಬೇಕು ಎಂಬುದು ರೋಜರ್ಸರ ವಾದ. ನಮ್ಮಲ್ಲಿ ಅದು 'ಪ್ರಗತಿಪರ ರೈತ' ಎಂಬ ಬಿರುದಾಗಿ, ಸನ್ಮಾನದ ಶಾಲಾಗಿ ಬೆಳೆದದ್ದನ್ನು ಅವರು ಎಣಿಸಿರಲಿಕ್ಕಿಲ್ಲ.

ನನ್ನ ಮಟ್ಟಿಗೆ ವಿಂಗಡಣೆಗಿಂತ ಹೆಚ್ಚು ಬಾಳುವ ಭಾಗ ಇನ್ನೊಂದು. ಒಂದು ಹೊಸ ಪದ್ಧತಿ ಬೇಗ ಹರಡುವುದೋ ಇಲ್ಲವೋ ಎಂಬುದನ್ನು ಅದರದೇ ಐದು ಗುಣ ನಿರ್ಧರಿಸುತ್ತವೆ: ಹಳೆಯದಕ್ಕಿಂತ ಎಷ್ಟು ಲಾಭ, ಇರುವ ಬದುಕಿಗೆ ಎಷ್ಟು ಹೊಂದುತ್ತದೆ, ಎಷ್ಟು ತೊಡಕು, ಸಣ್ಣ ತುಂಡು ಜಾಗದಲ್ಲಿ ಮಾಡಿ ನೋಡಬಹುದೇ, ಫಲ ಬೇರೆಯವರ ಕಣ್ಣಿಗೆ ಬೀಳುತ್ತದೆಯೇ. ಕೊನೆಯದಕ್ಕೆ ಅವರು ಕೊಡುವ ಉದಾಹರಣೆ ಸೊಗಸಾಗಿದೆ. ಎದ್ದು ನಿಂತ ಕಳೆಯ ಮೇಲೆ ಸಿಂಪಡಿಸುವ ಔಷಧಿ ಬೇಗ ಹಬ್ಬಿತು. ಒಣಗಿ ಬಿದ್ದ ಕಳೆಯನ್ನು ದಾರಿಹೋಕರೂ ನೋಡಬಹುದು. ಕಳೆ ಮೊಳೆಯುವ ಮೊದಲೇ ಹಾಕುವ ಔಷಧಿ ಅದಕ್ಕಿಂತ ನಿಧಾನವಾಗಿ ಹಬ್ಬಿತು. ಹುಟ್ಟದೇ ಇದ್ದ ಕಳೆಯನ್ನು ನೆರೆಯವನಿಗೆ ತೋರಿಸುವುದು ಹೇಗೆ?

ಹೊಂದಿಕೆಯ ವಿಚಾರಕ್ಕೆ ಅಯೋವಾದವರೆಗೆ ಹೋಗಬೇಕಿಲ್ಲ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಮುಂಗಾರಿನ ಹೊಲಗಳಲ್ಲಿ ಹೈಬ್ರಿಡ್‌ಗಳು ಜಾಗ ಹಿಡಿದವು. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಎರೆನೆಲದಲ್ಲಿ ಹಿಂಗಾರಿಗೆ ಬಿತ್ತುವವರು ಮಾತ್ರ ಹತ್ತಾರು ವರ್ಷಗಳ ಹಿಂದಿನ ಮಾಲದಂಡಿಯನ್ನು, ಅಂದರೆ ಎಂ 35-1 ತಳಿಯನ್ನು, ಬಿಟ್ಟುಕೊಡಲಿಲ್ಲ. ಕಾಳಿನ ತೂಕವನ್ನಷ್ಟೇ ನೋಡಿದವರಿಗೆ ಇದು ಹಟ. ರೈತರ ಲೆಕ್ಕದಲ್ಲಿ ಬಿಳಿ ಹೊಳಪಿನ ಕಾಳು, ತಟ್ಟಿದರೆ ಹರಿಯದ ರೊಟ್ಟಿ, ಎತ್ತುಗಳಿಗೆ ಬೇಸಿಗೆ ದಾಟಿಸುವ ಉದ್ದನೆಯ ಕಣಿಕಿ, ನೆಲದಲ್ಲಿ ಉಳಿದ ತೇವದ ಮೇಲೇ ಬೆಳೆದು ನಿಲ್ಲುವ ಗುಣ, ಎಲ್ಲವೂ ಸೇರಿದ್ದವು. ಗಿಡ್ಡ ಹೈಬ್ರಿಡ್‌ಗೆ ಅಷ್ಟನ್ನೂ ತುಂಬಿ ಕೊಡಲಾಗಲಿಲ್ಲ. ರೋಜರ್ಸರ ಐದು ಗುಣಗಳಿಂದ ನೋಡಿದರೆ ಈ ನಿರಾಕರಣೆ ತಾನಾಗಿ ಅರ್ಥವಾಗುತ್ತದೆ. ಐದು ಗುಂಪುಗಳಿಂದ ನೋಡಿದರೆ ಅದೇ ರೈತರು 'ಕೊನೆಯವರು' ಎನಿಸಿಕೊಳ್ಳುತ್ತಾರೆ. ಒಂದೇ ಪುಸ್ತಕದ ಎರಡು ಅಧ್ಯಾಯಗಳು ಹೀಗೆ ಒಂದಕ್ಕೊಂದು ಎದುರು ನಿಲ್ಲುತ್ತವೆ.

ಅಯೋವಾದ ಕೌಟುಂಬಿಕ ಬೇಸಾಯದಿಂದ ಹೊರಗೆ ಕಾಲಿಟ್ಟ ಮೇಲೆಯೇ ರೋಜರ್ಸರಿಗೆ ಈ ಬಿರುಕು ಕಾಣತೊಡಗಿದ್ದು. 1963ರ ಸುಮಾರಿಗೆ ಅವರು ಫುಲ್‌ಬ್ರೈಟ್ ಉಪನ್ಯಾಸಕರಾಗಿ ಕೊಲಂಬಿಯದ ಬೊಗೋಟಕ್ಕೆ ಹೋದರು. ಅಲ್ಲಿನ ಹಳ್ಳಿಗಳ ಅಧ್ಯಯನವೇ 1969ರಲ್ಲಿ ಬಂದ 'ಮಾಡರ್ನೈಸೇಷನ್ ಅಮಾಂಗ್ ಪೆಸೆಂಟ್ಸ್'ಗೆ ಆಧಾರ. 1964ರಿಂದ ಮಿಶಿಗನ್ ಸ್ಟೇಟ್‌ನ ಸಂವಹನ ವಿಭಾಗದಲ್ಲಿದ್ದು ಬ್ರೆಜಿಲ್, ನೈಜೀರಿಯ, ಭಾರತ ಮೂರೂ ಕಡೆ ಹಳ್ಳಿಗಳನ್ನು ಅಳೆಯುವ ದೊಡ್ಡ ಯೋಜನೆಯನ್ನು ನಡೆಸಿದರು. ಭಾರತದ ಭಾಗದಲ್ಲಿ ಕೈಜೋಡಿಸಿದ್ದು ಹೈದರಾಬಾದಿನ ರಾಷ್ಟ್ರೀಯ ಸಮುದಾಯ ಅಭಿವೃದ್ಧಿ ಸಂಸ್ಥೆ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ, ಗ್ರಾಮಸೇವಕರ ಸೈಕಲ್ಲು, ಬ್ಲಾಕ್ ಕಚೇರಿ ಇವೆಲ್ಲ ಆಗ ಹೊಸ ಬೀಜ-ಗೊಬ್ಬರದ ಪ್ಯಾಕೇಜಿಗೆ ದಾರಿ ಮಾಡಿಕೊಡುತ್ತಿದ್ದ ಸಮಯ.

ಈ ಅವಧಿಯಲ್ಲಿ ದಿಲೀಪ್ ಭೌಮಿಕ್ ಜೊತೆ ಬರೆದ ಲೇಖನವೊಂದು ಗಾತ್ರದಲ್ಲಿ ಚಿಕ್ಕದಾದರೂ ಮುಖ್ಯವಾದುದು. ತನ್ನಂಥವನ ಮಾತನ್ನು ಮನುಷ್ಯ ಸಲೀಸಾಗಿ ಕೇಳುತ್ತಾನೆ. ಜಮೀನು, ಜಾತಿ, ಓದು, ಉಡುಪು ದೂರವಾದಷ್ಟೂ ಮಾತು ತಲುಪುವುದು ಕಷ್ಟ. ಹೊಸ ಸಂಗತಿ ಮಾತ್ರ ಬಹುತೇಕ ಬರುವುದು ತನ್ನಂಥವನಲ್ಲದವನಿಂದಲೇ. ಪದವೀಧರ ಅಧಿಕಾರಿ ಮತ್ತು ಎರಡೆಕರೆ ರೈತನ ನಡುವಿನ ಮುಜುಗರಕ್ಕೆಲ್ಲ ಈ ಸಿಕ್ಕೇ ಮೂಲ.

ಲ್ಯಾಟಿನ್ ಅಮೆರಿಕದಿಂದ ಮಿಶಿಗನ್ ಸ್ಟೇಟ್‌ಗೆ ಓದಲು ಬಂದಿದ್ದ ಹ್ವಾನ್ ಡಿಯಾಸ್ ಬೊರ್ಡೆನಾವೆ, ಲೂಯಿಸ್ ರಾಮಿರೊ ಬೆಲ್ಟ್ರಾನ್ ಮುಂದೆ ಈ ಶಾಸ್ತ್ರದ ಅತ್ಯಂತ ಚುರುಕು ಟೀಕಾಕಾರರಾದರು. ಸಾಲ ಸಿಗದ, ಹೊಲ ತನ್ನದಲ್ಲದ, ಮಾರುಕಟ್ಟೆಯಲ್ಲಿ ಬೆಲೆ ಕೇಳುವ ಬಾಯಿಲ್ಲದ ಗೇಣಿದಾರನನ್ನು 'ಮಾಹಿತಿಯ ಕೊರತೆ'ಯವನು ಎನ್ನುವುದು ತಪ್ಪಿನ ಹೊರೆಯನ್ನು ಸಂತ್ರಸ್ತನ ಮೇಲೇ ಹಾಕಿದಂತೆ ಎಂಬುದು ಅವರ ಆಕ್ಷೇಪದ ಸಾರ. ಕೀನ್ಯದ ಟೆಟುವಿನಲ್ಲಿ ನೀಲ್ಸ್ ರೋಲಿಂಗ್, ಜೋಸೆಫ್ ಆಸ್ಕ್ರಾಫ್ಟ್ ಮೊದಲಾದವರು ಇನ್ನೊಂದು ದಾರಿ ತೋರಿಸಿದರು: ಮುಂದಾಳು ರೈತರನ್ನು ಬಿಟ್ಟು ಹಿಂದೆ ಉಳಿದವರನ್ನೇ ಆರಿಸಿ ತರಬೇತಿ ಕೊಟ್ಟು, ಸಾಲದ ಏರ್ಪಾಟು ಮಾಡಿದಾಗ ಅವರಲ್ಲಿ ಬಹುಪಾಲು ಜನ ಹೈಬ್ರಿಡ್ ಮೆಕ್ಕೆಜೋಳ ಬೆಳೆದರು.

ರೋಜರ್ಸ್ ಸಿಟ್ಟಾಗಲಿಲ್ಲ, ಟೀಕೆಯನ್ನು ಒಪ್ಪಿಕೊಂಡು ಅದನ್ನೇ ಮುಂದಿನ ಕೆಲಸವಾಗಿ ಹಿಡಿದರು. ಸ್ಟ್ಯಾನ್‌ಫರ್ಡ್ ಸೇರಿದ ಮರುವರ್ಷ, 1976ರಲ್ಲಿ, ಅಭಿವೃದ್ಧಿ ಸಂವಹನದ ಅದುವರೆಗಿನ ಪ್ರಬಲ ಮಾದರಿ ಮುಗಿದುಹೋಯಿತು ಎಂದು ಸಾರುವ ಲೇಖನ ಬರೆದರು. ಒಟ್ಟು ಉತ್ಪನ್ನ, ಯಂತ್ರ, ಮೇಲಿನಿಂದ ಕೆಳಗಿಳಿಯುವ ಸಂದೇಶ ಇಷ್ಟನ್ನೇ ಅಭಿವೃದ್ಧಿ ಎನ್ನಲಾಗದು. ಸಮಾನ ಹಂಚಿಕೆ, ಜನರ ಪಾಲ್ಗೊಳ್ಳುವಿಕೆ, ತಮ್ಮ ಪರಿಸರದ ಮೇಲೆ ಅವರಿಗಿರುವ ಹಿಡಿತ ಸೇರಿದರೇ ಅದು ಪೂರ್ಣ ಎಂಬುದು ಹೊಸ ನಿಲುವು. ಹಾಗೆ ನೋಡಿದರೆ ಅದೇ ಹೊತ್ತಿಗೆ ಭಾರತದಲ್ಲಿ ಹಳೆಯ ಮಾದರಿಯ ಅತಿದೊಡ್ಡ ಪ್ರಯೋಗ ನಡೆಯುತ್ತಿತ್ತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯದ ಟಿವಿ ಕಾರ್ಯಕ್ರಮ ಹೋಯಿತು. ಕರ್ನಾಟಕದಲ್ಲಿ ಅದು ಬಂದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ.

1983ರ ಮೂರನೆಯ ಆವೃತ್ತಿಯಲ್ಲಿ ಪ್ರಸರಣ ಶಾಸ್ತ್ರದ ದೋಷಗಳಿಗೇ ಒಂದು ಅಧ್ಯಾಯ ಮೀಸಲಾಯಿತು. ಹೊಸದೆಲ್ಲ ಒಳ್ಳೆಯದು, ಬೇಗ ಹರಡಲೇಬೇಕು ಎಂಬ ಪೂರ್ವಗ್ರಹ. ತಪ್ಪನ್ನು ವ್ಯವಸ್ಥೆಯಲ್ಲಿ ಹುಡುಕದೆ ವ್ಯಕ್ತಿಯ ಮೇಲೆ ಹೊರಿಸುವ ಚಾಳಿ. ಎಂದೋ ನಡೆದದ್ದನ್ನು ರೈತನ ನೆನಪಿನಿಂದ ಅಳೆಯುವ ತೊಂದರೆ. ಇರುವವನಿಗೇ ಇನ್ನಷ್ಟು ಸೇರುವ ಅನ್ಯಾಯ. ಕ್ಯಾಲಿಫೋರ್ನಿಯದ ಟೊಮೆಟೊ ಕೊಯ್ಲು ಯಂತ್ರ ಅವರ ಕಣ್ಣಿಗೆ ಬಿದ್ದ ಕಹಿ ಉದಾಹರಣೆ. ಸಾರ್ವಜನಿಕ ಹಣದಲ್ಲಿ ವಿಶ್ವವಿದ್ಯಾಲಯ ರೂಪಿಸಿದ ಯಂತ್ರ, ಅದಕ್ಕೆ ಒಗ್ಗುವ ಗಟ್ಟಿ ಟೊಮೆಟೊ ತಳಿ. 1962ರಲ್ಲಿ ಸುಮಾರು 4,000 ಬೆಳೆಗಾರರಿದ್ದ ಕಡೆ ಒಂಬತ್ತು ವರ್ಷದಲ್ಲಿ ಉಳಿದವರು 600. ಹತ್ತಾರು ಸಾವಿರ ಕೊಯ್ಲುಗಾರರ ಕೂಲಿ ಹೋಯಿತು. ಹರಡಿದ ವೇಗವನ್ನಷ್ಟೇ ನೋಡಿದರೆ ಇದು ಅಪ್ಪಟ ಯಶಸ್ಸು.

ರೇಖೆಯಿಂದ ಜಾಲದ ಕಡೆಗೆ ಅವರು ತಿರುಗಿದ್ದೂ ಇದೇ ಕಾಲದಲ್ಲಿ. ದಕ್ಷಿಣ ಕೊರಿಯದ ಹಳ್ಳಿಗಳಲ್ಲಿ ಯಾರು ಯಾರೊಡನೆ ಮಾತಾಡುತ್ತಾರೆ ಎಂದು ನಕ್ಷೆ ಬರೆಸಿದರು. ಕುಟುಂಬ ಯೋಜನೆಯ ಎಲ್ಲ ವಿಧಾನಗಳನ್ನೂ ಸರ್ಕಾರ ಎಲ್ಲ ಹಳ್ಳಿಗಳಿಗೂ ಒಂದೇ ರೀತಿ ಪ್ರಚಾರ ಮಾಡಿತ್ತು. ಆದರೂ ಕೆಲವು ಹಳ್ಳಿ ಪೂರ್ತಿ ಮಾತ್ರೆಯ ಹಳ್ಳಿಗಳಾಗಿದ್ದವು, ಕೆಲವು ವಂಕಿಯ ಹಳ್ಳಿಗಳು. ತಾಯಂದಿರ ಸಂಘದಲ್ಲಿ ಮೊದಲಿಗರು ಏನನ್ನು ಆರಿಸಿಕೊಂಡರೋ ಅದೇ ಊರಿನ ರೂಢಿಯಾಗಿತ್ತು. ಲಾರೆನ್ಸ್ ಕಿಂಕೇಡ್ ಜೊತೆ 1981ರಲ್ಲಿ ಬರೆದ 'ಕಮ್ಯುನಿಕೇಷನ್ ನೆಟ್‌ವರ್ಕ್ಸ್' ಪುಸ್ತಕದಲ್ಲಿ ಸಂವಹನ ಎಂದರೆ ಒಬ್ಬ ಹೇಳಿ ಇನ್ನೊಬ್ಬ ಕೇಳುವುದು ಎಂಬ ಹಳೆಯ ಚಿತ್ರವನ್ನು ಕೈಬಿಟ್ಟು, ಇಬ್ಬರೂ ಸೇರಿ ಅರ್ಥಕ್ಕೆ ಬರುವ ಕ್ರಿಯೆ ಎಂದು ಅದನ್ನು ನಿರೂಪಿಸಿದರು.

ಮುಂದೆ ಅವರ ಆಸಕ್ತಿ ಹೊಲದಿಂದ ಹೊರಕ್ಕೂ ಹರಿಯಿತು. 1985ರಿಂದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ, 1993ರಿಂದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಇದ್ದರು. ಅರವಿಂದ ಸಿಂಘಾಲ್ ಜೊತೆಗಿನ ಒಡನಾಟ ಭಾರತದ ಮಟ್ಟಿಗೆ ಫಲ ಕೊಟ್ಟಿತು. 1984–85ರಲ್ಲಿ ದೂರದರ್ಶನದಲ್ಲಿ 156 ಕಂತು ಬಂದ 'ಹಮ್ ಲೋಗ್' ಧಾರಾವಾಹಿಗೆ ವೀಕ್ಷಕರು ಬರೆದ ಸುಮಾರು ನಾಲ್ಕು ಲಕ್ಷ ಪತ್ರಗಳ ಜಾಡು ಹಿಡಿದು ಅವರು ನಡೆಸಿದ ಅಧ್ಯಯನ, ಕಥೆಯ ಮೂಲಕ ತಿಳಿವಳಿಕೆ ಕೊಡುವ ಕ್ರಮದ ಬಲವನ್ನೂ ಮಿತಿಯನ್ನೂ ತೋರಿಸಿತು. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯ ಪಾತ್ರವನ್ನು ಎಚ್ಚರಿಕೆಗಾಗಿ ರೂಪಿಸಿದ್ದರೆ ಅನೇಕ ಪ್ರೇಕ್ಷಕರು ಅವಳನ್ನೇ ಆದರ್ಶವೆಂದು ಮೆಚ್ಚಿಕೊಂಡಿದ್ದರು. ಟಾಂಜಾನಿಯದ ಬಾನುಲಿ ಧಾರಾವಾಹಿ 'ಟ್ವೆಂಡೆ ನಾ ವಕಾಟಿ'ಯನ್ನು ದೊಡೊಮ ಪ್ರದೇಶ ಬಿಟ್ಟು ಉಳಿದೆಡೆ ಪ್ರಸಾರ ಮಾಡಿ ಪರಿಣಾಮ ಅಳೆದದ್ದು ಕೃಷಿ ಪ್ರಯೋಗಕ್ಷೇತ್ರದ ಶಿಸ್ತನ್ನು ರೇಡಿಯೊಗೆ ತಂದ ಹಾಗೆ. 2004ರಲ್ಲಿ ರೋಜರ್ಸ್ ತೀರಿಕೊಂಡರು.

ಕರ್ನಾಟಕದಲ್ಲಿ ಅವರ ಹೆಸರನ್ನು ಹೇಳದೆಯೇ ಅವರ ಶಾಸ್ತ್ರ ಓಡಾಡುತ್ತಿದೆ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಮಣ್ಣಿನ ಸತು, ಬೋರಾನ್, ಗಂಧಕದ ಕೊರತೆಯ ವಿಷಯವನ್ನು ಹಳ್ಳಿಗೆ ಒಯ್ದವರು ಇಲಾಖೆಯ ಅಧಿಕಾರಿಗಳಿಗಿಂತ ಹೆಚ್ಚಾಗಿ ಅದೇ ಭಾಗದ 'ರೈತ ಅನುವುಗಾರರು'. ಅದಕ್ಕೂ ಮೊದಲು, 2006ರಲ್ಲಿ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುಮಾಡಿದರು. ಗ್ರೀನ್ ಫೌಂಡೇಶನ್ ಸಂಸ್ಥೆಯ ಜೊತೆಗೂಡಿ ಕರ್ನಾಟಕದ ಹದಿನಾರು ಹಳ್ಳಿಗಳಲ್ಲಿ ಹದಿಮೂರು ತಿಂಗಳು ಅದು ನಡೆಯಿತು. ತಜ್ಞರ ಭಾಷಣದ ಬದಲು ಅಲ್ಲಿಯದೇ ರೈತರು ತಮ್ಮ ಹೊಲದಲ್ಲಿ ಕೆಲಸ ಮಾಡುವುದನ್ನು ಚಿತ್ರಿಸಿ, ಸಂಜೆ ಊರಿನವರು ಸೇರಿದ ಕಡೆ ತೋರಿಸುತ್ತಿದ್ದರು. ಒಬ್ಬ ಸ್ಥಳೀಯ ಕಾರ್ಯಕರ್ತ ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ನೋಡುಗರು ಮೊದಲು ಕೇಳುತ್ತಿದ್ದದ್ದು ಗೊಬ್ಬರದ ಪ್ರಮಾಣವನ್ನಲ್ಲ, ಆ ರೈತನ ಹೆಸರೇನು, ಯಾವ ಊರಿನವನು ಎಂದು. ಅದೇ ಕ್ರಮ ಮುಂದೆ ಒಡಿಶಾ, ಬಿಹಾರಕ್ಕೆ, ಆಮೇಲೆ ಇಥಿಯೋಪಿಯಕ್ಕೆ ಹೋಯಿತು.